ಗಂಟೆ ಉಳಿಸಿದ್ದು ಹೆಣವನ್ನಲ್ಲ, ಬಾಕ್ಸರ್‌ನನ್ನು

‘ಹಿಂದೆ ಇಂಗ್ಲೆಂಡಿನಲ್ಲಿ ಹೂತವರು ಬದುಕಿದ್ದರೆ ಎಳೆಯಲಿ ಅಂತ ಗೋರಿಗೆ ಗಂಟೆ ಕಟ್ಟುತ್ತಿದ್ದರು. ‘ಸೇವ್ಡ್ ಬೈ ದ ಬೆಲ್’ (ಗಂಟೆಯಿಂದ ಬಚಾವ್) ಎಂಬ ಇಂಗ್ಲಿಷ್ ಮಾತು ಹುಟ್ಟಿದ್ದು ಹಾಗೆ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಕಥೆ ಮಜವಾಗಿದೆ, ಆದರೆ ನಿಜವಲ್ಲ.

ಗಂಟೆಯಿರುವ ಶವಪೆಟ್ಟಿಗೆಗಳಿಗೆ 19ನೇ ಶತಮಾನದಲ್ಲಿ ಪೇಟೆಂಟ್ ಪಡೆದವರಿದ್ದರು, ಅದು ಸರಿ. ಮಾತು ಬಂದಿದ್ದು ಮಾತ್ರ ಬಾಕ್ಸಿಂಗ್‌ನಿಂದ. 1867ರ ಕ್ವೀನ್ಸ್‌ಬೆರಿ ನಿಯಮದಂತೆ ಒಂದು ಸುತ್ತು 3 ನಿಮಿಷ. ಬಿದ್ದವನು 10 ಸೆಕೆಂಡಿನಲ್ಲಿ ಏಳದಿದ್ದರೆ ಸೋತಂತೆ. ಎಣಿಕೆ ಮುಗಿಯುವ ಮೊದಲೇ ಸುತ್ತಿನ ಗಂಟೆ ಹೊಡೆದರೆ? ಆ ಕಾಲದಲ್ಲಿ ಬಚಾವ್! ಕೊನೇ ಗಳಿಗೆಯಲ್ಲಿ ಪಾರಾಗುವುದು ಎಂಬ ಅರ್ಥ ಬಂದಿದ್ದು ಹೀಗೆ.

ಅದೇ ಫಾರ್ವರ್ಡ್ ‘ಡೆಡ್ ರಿಂಗರ್’ (ತದ್ರೂಪಿ) ಎಂಬ ಮಾತನ್ನೂ ಗೋರಿಗೆ ಎಳೆಯುತ್ತದೆ. ಅದು ಕುದುರೆ ರೇಸಿನ ಮಾತು: ಮೋಸಕ್ಕೆ ಬದಲಿಸಿ ಓಡಿಸುವ ಕುದುರೆಯೇ ರಿಂಗರ್. ‘ಡೆಡ್’ ಅಂದರೆ ಇಲ್ಲಿ ಸುಮ್ನೆ ‘ಥೇಟ್’ ಅಂತ ಒತ್ತಿ ಹೇಳೋದು, ಅಷ್ಟೇ.