ಇನ್ನೂರೊಂದನೇ ಯೂನಿಟ್ ಮಹಾತ್ಮೆ

ಮನೆ ತುಂಬ ಜನ, ಎರಡು ಗೀಸರ್, ಹಳೇ ಫ್ರಿಜ್, ಬೇಸಿಗೆಗೊಂದು ಎಸಿ. ಇಂಥ ಸಂಸಾರಕ್ಕೆ ಅಗ್ಗದ ಕರೆಂಟ್ ಎಲ್ಲಿ ಸಿಗುತ್ತದೆ ಎಂದು ಹುಡುಕುವ ಕಷ್ಟವನ್ನು ಕರ್ನಾಟಕ ಯಾರಿಗೂ ಕೊಟ್ಟಿಲ್ಲ. ಬೆಂಗಳೂರಾದರೆ ಬೆಸ್ಕಾಂ, ಹುಬ್ಬಳ್ಳಿಯಾದರೆ ಹೆಸ್ಕಾಂ, ಕಲಬುರಗಿಯಾದರೆ ಜೆಸ್ಕಾಂ. ಕಂಪನಿ ಬದಲಿಸಬೇಕೆಂದರೆ ಊರು ಬಿಡಬೇಕು, ಊರು ಬಿಟ್ಟರೂ ದರ ಬಿಡುವುದಿಲ್ಲ. 2025-26ರ ಲೆಕ್ಕದಲ್ಲಿ ಯೂನಿಟ್‌ಗೆ 5.80 ರೂಪಾಯಿ, ಮಂಜೂರಾದ ಲೋಡಿನ (ಮನೆ ಒಮ್ಮೆಗೇ ಎಳೆಯಬಹುದೆಂದು ಕಂಪನಿ ಒಪ್ಪಿದ ಕರೆಂಟಿನ) ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ, ನೌಕರರ ಪಿಂಚಣಿ-ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ, ಮೇಲೆ ಶೇ. 9 ತೆರಿಗೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಗೊಂದು ಬಗೆ. ಅದು ಯಾವ ಪಂಚಾಂಗದಲ್ಲೂ ಸಿಗದು.

ಉಳಿದದ್ದು ರಾಜ್ಯ ಸರ್ಕಾರದ ಗೃಹಜ್ಯೋತಿ. ಭಾಷಣದಲ್ಲಿ ಅದು ಎಲ್ಲರಿಗೂ 200 ಯೂನಿಟ್ ಉಚಿತ. ಆದೇಶದಲ್ಲಿ ಮಾತ್ರ ಅದು ಶುದ್ಧ ಕರ್ಮ ಸಿದ್ಧಾಂತ. 2022-23 ನಿಮ್ಮ ಪೂರ್ವಜನ್ಮ. ಆ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿರೋ ಅದಕ್ಕೆ ಶೇ. 10 ಸೇರಿಸಿದರೆ ಇಂದಿನ ಉಚಿತ ಭಾಗ್ಯ. ವ್ಯತ್ಯಾಸ ಇಷ್ಟೇ: ಇಲ್ಲಿ ಪಾಪಕ್ಕೆ ಪುಣ್ಯದ ಫಲ. ಆ ವರ್ಷ ಹಿಂದೆ ಹಿಂದೆ ಓಡಾಡಿ ಲೈಟ್ ಆರಿಸಿ 60 ಯೂನಿಟ್‌ನಲ್ಲಿ ಸಂಸಾರ ತೂಗಿಸಿದ ಅಜ್ಜಿಗೆ ಸಿಕ್ಕಿದ್ದು 66. ಹಗಲಲ್ಲೂ ವರಾಂಡದ ದೀಪ ಉರಿಸಿ 173 ಮಾಡಿದ ಪಕ್ಕದ ಮನೆಯವರಿಗೆ 190. ಈ ತಿಂಗಳು ಇಬ್ಬರೂ 150 ಬಳಸಿದರೆ ಪಕ್ಕದ ಮನೆಯವರ ಬಿಲ್ಲು ಸೊನ್ನೆ, ಅಜ್ಜಿಗೆ ಹೆಚ್ಚುವರಿ 84 ಯೂನಿಟ್‌ನ ಕರೆಂಟಿನ ಬೆಲೆಯೇ 487 ರೂಪಾಯಿ. ಪಾಪಕ್ಕೂ ಒಂದು ಹದ ಬೇಕು, ಸರಾಸರಿ 200 ದಾಟಿದವರಿಗೆ ಯೋಜನೆಯೇ ಇಲ್ಲ. 181 ಯೂನಿಟ್ ಸುಟ್ಟವರು ಜಾಣರು, ಅವರ ಪಾಲಿಗೆ 199 ಬಂತು. ಆಗ ಯಾರಾದರೂ ಮೊದಲೇ ಹೇಳಿದ್ದರೆ ನಾಡಿನ ಗೀಸರ್‌ಗಳೆಲ್ಲ ದೇಶಸೇವೆಗೆ ನಿಲ್ಲುತ್ತಿದ್ದವು.

ಈಗ 201ಕ್ಕೆ ಬನ್ನಿ. 190ರ ಭಾಗ್ಯವಂತರು 199 ಬಳಸಿದರೆ ಹೆಚ್ಚುವರಿ 9 ಯೂನಿಟ್‌ಗೆ 52 ರೂಪಾಯಿ, ಜೊತೆಗೆ ಚಿಲ್ಲರೆ. 201 ಆಯಿತೋ, ಉಚಿತವೆಲ್ಲ ಮಾಯವಾಗಿ ಪೂರ್ತಿ ಬಿಲ್ಲು. 3 ಕಿಲೋವ್ಯಾಟ್ ಲೋಡಿನ ಮನೆಗೆ ಕರೆಂಟಿನ ಬೆಲೆ 1,166, ನಿಗದಿತ ಶುಲ್ಕ 435, ಪಿಂಚಣಿ ಬಾಬ್ತು 72, ತೆರಿಗೆ 105, ಇಂಧನ ಹೊಂದಾಣಿಕೆ ಬಿಟ್ಟು ಒಟ್ಟು 1,778. ಎರಡು ಯೂನಿಟ್ ಎಂದರೆ 2 ಕಿಲೋವ್ಯಾಟ್ ಗೀಸರ್ ಒಂದು ಗಂಟೆ ಉರಿಯುವಷ್ಟು. ತಿಂಗಳ ಕೊನೇ ದಿನ ಬಂದ ನೆಂಟರ ತಲೆಸ್ನಾನದ ಬೆಲೆ ಸುಮಾರು 1,700 ರೂಪಾಯಿ, ಶಾಂಪೂ ಪ್ರತ್ಯೇಕ.

ಅಕಸ್ಮಾತ್ ದಾಟಿಬಿಟ್ಟರೆ ಪಶ್ಚಾತ್ತಾಪ ಪಡುವುದು ಶುದ್ಧ ನಷ್ಟ. 201ರಲ್ಲಿ ಯೂನಿಟ್‌ಗೆ ಬಿದ್ದದ್ದು 8.85 ರೂಪಾಯಿ. ಅದೇ ಲೋಡಿನಲ್ಲಿ 600 ಸುಟ್ಟರೆ ಬಿಲ್ಲು 4,444, ಅಂದರೆ ಯೂನಿಟ್‌ಗೆ 7.41. ಹೆಚ್ಚು ಬಳಸುವ ಮನೆಗೆ ಅಗ್ಗದ ದರ ಬೇಕೆಂದವರಿಗೆ ಇದೇ ಅಧಿಕೃತ ಉತ್ತರ: ಇನ್ನೂ ಹೆಚ್ಚು ಬಳಸಿ. 2023ರಲ್ಲಿ ನೂರು ದಾಟಿದ ಮನೆಗೆ ಯೂನಿಟ್‌ಗೆ 7 ರೂಪಾಯಿ ಇತ್ತು. ಬಳಕೆ ಏರಿದಂತೆ ದರ ಏರಿಸುವ ಆ ಸ್ಲ್ಯಾಬ್ ತೆಗೆದ ಮೇಲೆ ಬಂಗಲೆಯ ಎರಡು ಸಾವಿರ ಯೂನಿಟ್‌ಗೂ ಬಾಡಿಗೆ ಮನೆಯ 201ಕ್ಕೂ ಒಂದೇ ದರ. ಸಮಾನತೆ ಮೊದಲು ಬಂದದ್ದು ಬಂಗಲೆಗೆ.

ಗಡಿಯೊಳಗೆ ಉಳಿಯಲೇಬೇಕು ಎನ್ನುವ ಹಟಮಾರಿಗಳು ದಿನಕ್ಕೆ ಆರೂಕಾಲು ಯೂನಿಟ್ ಎಂದು ಗೋಡೆಯ ಮೇಲೆ ಬರೆದುಕೊಳ್ಳಲಿ. ಮೀಟರ್ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ, ಕೆಡಬ್ಲ್ಯುಎಚ್ ಎಂದು ತೋರಿಸುವುದೇ ಯೂನಿಟ್. ಎಂಡಿ, ಅಂದರೆ ತಿಂಗಳಲ್ಲಿ ಮನೆ ಒಮ್ಮೆಗೇ ಎಳೆದ ಅತಿ ಹೆಚ್ಚಿನ ಲೋಡು, ಬೇರೆ ಪ್ರಾಣಿ, ಅದರ ಕಥೆ ಮುಂದೆ. ಬಿಲ್ಲಿನಲ್ಲಿರುವ ಹಿಂದಿನ ರೀಡಿಂಗ್ ಕಳೆದು ನೋಡಿದರೆ ಎಲ್ಲಿದ್ದೀರಿ ಎಂದು ತಿಳಿಯುತ್ತದೆ. ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಸೋಲಾರ್ ನೀರೊಲೆ ಹಾಕಿಸಿದವರು ಗೆಲ್ಲುವುದು ಇಲ್ಲೇ. ಫ್ರಿಜ್ ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ರಬ್ಬರಿನ ನಡುವೆ ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ಬದಲಿಸಿ.

ಚಾವಣಿ ಸೋಲಾರ್‌ಗೆ ಕೇಂದ್ರದ ಸಬ್ಸಿಡಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಒಂದು ಸರ್ಕಾರ ಬಿಲ್ಲು ಸೊನ್ನೆ ಮಾಡಿ ಸೋಲಾರ್ ಯಾಕೆ ಬೇಕು ಅನ್ನಿಸುತ್ತದೆ, ಇನ್ನೊಂದು ದುಡ್ಡು ಕೊಟ್ಟು ಹಾಕಿಸಿಕೊಳ್ಳಿ ಅನ್ನುತ್ತದೆ. ನಡುವೆ ಚಾವಣಿಯಲ್ಲಿ ಹಪ್ಪಳ ಒಣಗುತ್ತಿರುತ್ತದೆ.

200ರ ಆಚೆಯವರಿಗೆ ಖಚಿತವಾಗಿ ಉಳಿಯುವುದು ಲೋಡಿನಲ್ಲಿ. ಮನೆ ಕಟ್ಟಿಸುವಾಗ ಎಲೆಕ್ಟ್ರಿಷಿಯನ್ ಧಾರಾಳವಾಗಿ ಬರೆಸಿದ 5 ಕಿಲೋವ್ಯಾಟನ್ನು ಮೂರಕ್ಕೆ ಇಳಿಸಿದರೆ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ. ಮೊದಲು ವರ್ಷದ ಬಿಲ್ಲುಗಳಲ್ಲಿ ಎಂಡಿ ಎಷ್ಟು ಏರಿದೆ ನೋಡಿ, ಆಮೇಲೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಸಂಖ್ಯೆ) ಬರೆದು ಉಪವಿಭಾಗ ಕಚೇರಿಗೆ ಅರ್ಜಿ ಕೊಡಿ. ಇಳಿಸಿದ ಮೇಲೆ ಎರಡು ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಒಟ್ಟಿಗೆ ಓಡಿದರೆ ಎಂಡಿ ಮೂರನ್ನು ದಾಟುತ್ತದೆ, ಲೋಡ್ ಹೆಚ್ಚಿಸಿಕೊಳ್ಳಿ, ಡಿಪಾಸಿಟ್ ಕಟ್ಟಿ ಎಂದು ನೋಟಿಸು ಬರುತ್ತದೆ. ಇಳಿಸುವುದಕ್ಕೆ ನೀವು ಹೋಗಬೇಕು, ಏರಿಸುವುದಕ್ಕೆ ಅವರೇ ಬರುತ್ತಾರೆ.