ಫೋನ್ ಓದುವ ಕುರುಡಿ

ಇವತ್ತು ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮಹಾನುಭಾವ ನನ್ನ ಕಣ್ಣು ಪರೀಕ್ಷೆ ಮಾಡಿ ರಿಸಲ್ಟನ್ನೂ ಅಲ್ಲೇ ಕೊಟ್ಟ. ಬಿಳಿ ಕೋಲು ಹಿಡಿದು ನುಗ್ಗಾಟದಲ್ಲಿ ಹೇಗೋ ದಾರಿ ಮಾಡಿಕೊಂಡು ಬಂದೆ. ಬೆಂಚ್ ಸಿಕ್ಕಿತು. ಕೋಲು ಮಡಚಿ, ಫೋನ್ ತೆಗೆದು ವಾಟ್ಸಾಪ್ ನೋಡುತ್ತಾ ಕೂತೆ. "ನೋಡ್ರೀ, ಕುರುಡಿ ಅಂತೆ, ಫೋನ್ ಓದ್ತಾಳೆ! ಎಲ್ಲಾ ಫ್ರೀ ಬಸ್ಸಿಗೆ ನಾಟಕ" ಅಂದ ಆತ.

ಅಣ್ಣಾ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದಲೂ ಫ್ರೀ. ಅದಕ್ಕೆ ಆಧಾರ್ ಸಾಕು, ಕೋಲು ಬೇಡ.

ನನ್ನ ಕಣ್ಣಿನ ಪುರಾಣ ನಿಮಗೆಲ್ಲ ಗೊತ್ತಿದ್ದದ್ದೇ. ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆಯ ಕಾಯಿಲೆ. ಮಬ್ಬು ಬೆಳಕಿಗೂ ಅಕ್ಕಪಕ್ಕದ ನೋಟಕ್ಕೂ ಬೇಕಾದ ಜೀವಕೋಶಗಳು ಇದರಲ್ಲಿ ಮೊದಲು ಸಾಯುತ್ತವೆ. ನಡುವಿನ ನೋಟ ಬಹಳ ವರ್ಷ ಉಳಿಯಬಹುದು. ಹಾಗಾಗಿ ನನಗೆ ಸಣ್ಣ ಅಕ್ಷರ ಕಾಣುತ್ತದೆ, ಕಾಲ ಬುಡದಲ್ಲಿಟ್ಟ ಅಡಿಕೆ ಮೂಟೆ ಕಾಣುವುದಿಲ್ಲ. ಎದುರಿಗಿರುವವರ ಮೂಗು ಕಾಣುತ್ತದೆ, ಅವರು ಚಾಚಿದ ಕೈ ಕಾಣುವುದಿಲ್ಲ. ಮದುವೆ ಮನೆಯಲ್ಲಿ ಪಕ್ಕದಲ್ಲೇ ನಿಂತು ನಕ್ಕವರನ್ನು ದಾಟಿ ಹೋದರೆ "ಕೆಲಸ ಸಿಕ್ಕ ಮೇಲೆ ಜಂಬ ಜಾಸ್ತಿ" ಎಂಬ ಬಿರುದು ಬೇರೆ.

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಮಧ್ಯಾಹ್ನವೇ ಕವಿದುಕೊಳ್ಳುತ್ತದೆ. ಕರೆಂಟಿನ ಸುದ್ದಿ ಬಿಡಿ. ಬೆಳಗ್ಗೆ ಒಬ್ಬಳೇ ತೋಟಕ್ಕೆ ಹೋಗಿ ಬಂದವಳಿಗೆ ಸಂಜೆ ಅಂಗಳದ ಮೆಟ್ಟಿಲಿಳಿಯಲು ಯಾರದ್ದಾದರೂ ಕೈ ಬೇಕು. "ಬೆಳಗ್ಗೆ ಇದ್ದ ಕಣ್ಣು ಈಗೆಲ್ಲಿ ಹೋಯ್ತೇ ಮಾರಾಯ್ತಿ?" ಅನ್ನುತ್ತಾರೆ ದೊಡ್ಡಮ್ಮ. ಎಲ್ಲಿಗೂ ಹೋಗಿಲ್ಲ ದೊಡ್ಡಮ್ಮ, ಬೆಳಕು ಹೋಯಿತು, ಅಷ್ಟೇ.

ಕಾಣುತ್ತದೆ, ಇಲ್ಲಾ ಕಾಣುವುದಿಲ್ಲ. ಮಧ್ಯೆ ಏನೂ ಇರಬಾರದು ಎಂದು ಇವರಿಗೆ ಯಾರು ಹೇಳಿಕೊಟ್ಟರೋ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೇ ಈ ಮಧ್ಯದ ಜಾಗ ಗೊತ್ತು. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆಯಾದರೆ ಅಂಧತ್ವ. ಅಂದರೆ ಸಲೀಸಾಗಿ ಪೇಪರ್ ಓದುವವಳೂ ಕಾನೂನಿನ ಲೆಕ್ಕದಲ್ಲಿ ಕುರುಡಿಯಾಗಿರಬಹುದು. ಬಸ್ ಸ್ಟ್ಯಾಂಡಿನ ನ್ಯಾಯಾಧೀಶರು ಮಾತ್ರ ಒಪ್ಪುವುದಿಲ್ಲ.

ಸುಳ್ಳು ಸರ್ಟಿಫಿಕೇಟಿನವರೂ ಇದ್ದಾರಲ್ಲ ಅನ್ನುತ್ತೀರಿ. ಇದ್ದಾರೆ. ಅವರನ್ನು ಹಿಡಿಯಬೇಕಾದವರು ಡಾಕ್ಟರು. ಅದಕ್ಕೆ ಪರೀಕ್ಷೆ ಇದೆ. ಕತ್ತಲೆ ಕೋಣೆ, ಗಲ್ಲ ಊರಲು ಒಂದು ಪಟ್ಟಿ, ಕೈಯಲ್ಲಿ ಗುಂಡಿ. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒತ್ತಬೇಕು. ಎಷ್ಟೋ ಹೊತ್ತು ಏನೂ ಕಾಣದೆ, ಮಷೀನ್ ಕೆಟ್ಟಿರಬೇಕು ಎಂದುಕೊಂಡು ನಾನು ಸುಮ್ನೆ ಕೂತಿರುತ್ತೇನೆ. ಚುಕ್ಕೆಗಳು ಬಂದು ಹೋಗುತ್ತಲೇ ಇರುತ್ತವೆ. ಇಷ್ಟಾದ ಮೇಲೂ ಇವನಿಗೆ ಇನ್ನೊಮ್ಮೆ ಸಾಬೀತು ಮಾಡಬೇಕಾ?

ಒಂದು ವಿಷಯ ಹೇಳಿಬಿಡುತ್ತೇನೆ. ಕೋಲು ಕೈಯಲ್ಲಿದ್ದಾಗ ನಾನು ಸಾಮಾನ್ಯವಾಗಿ ಫೋನ್ ತೆಗೆಯುವುದಿಲ್ಲ. ಬೋರ್ಡ್ ಕಣ್ಣಿಗೆ ಬಿದ್ದರೂ "ಇದು ಯಾವ ಬಸ್ಸು?" ಎಂದು ಕೇಳುತ್ತೇನೆ. ಜನ ನಂಬಲಿ ಅಂತ. ಎಲ್ಲರೂ ಮರುಗುವುದು ಆ ನಾಟಕಕ್ಕೆ. ಇವತ್ತು ಆಡದೆ ಕೂತಿದ್ದಕ್ಕೇ ನಾಟಕದವಳು ಅನ್ನಿಸಿಕೊಂಡೆ.

ಹ್ಞಾಂ, ಕ್ಯಾರೆಟ್ಟು, ಹೊನಗೊನ್ನೆ ಸೊಪ್ಪು ಅಂತ ಸಲಹೆ ಕೊಡಲು ಈಗಾಗಲೇ ಯಾರೋ ಟೈಪ್ ಮಾಡುತ್ತಿದ್ದೀರಿ. ಇದು ವಿಟಮಿನ್ ಕೊರತೆಯ ಇರುಳುಗಣ್ಣಲ್ಲ, ವಂಶವಾಹಿಯಲ್ಲಿ ಬಂದದ್ದು. ಸೊಪ್ಪು ಕೊಡುವುದಿದ್ದರೆ ಮನೆಗೇ ತಂದುಕೊಡಿ, ತಂಬುಳಿಗೆ ಆಗುತ್ತದೆ.