ಮಕ್ಕಳು ದುಬೈನಲ್ಲಿದ್ದರೆ ತೆರಿಗೆ? ನಾನು ಕಳಿಸಿದ ಮೆಸೇಜ್ ತಪ್ಪು

"ಮಕ್ಕಳು ವಿದೇಶದಲ್ಲಿದ್ದರೆ ಅಪ್ಪ-ಅಮ್ಮನ ಖಾತೆ ವಿವರವೂ ಆ ದೇಶಕ್ಕೆ ಹೋಗುತ್ತದೆ, ಕಳಿಸಿದ ಹಣಕ್ಕೆ ತೆರಿಗೆ ಬೀಳುತ್ತದೆ. ಫೀಸ್ ಕೊಟ್ಟು ಸಲಹೆಗಾರರಿಂದ ಫಾರ್ಮ್ ಮಾಡಿಸಿ." ಮಡಿಕೇರಿ, ಗೋಣಿಕೊಪ್ಪದ ಗುಂಪುಗಳಲ್ಲಿ ಇದು ಓಡಾಡುತ್ತಿದೆ. ಮೊನ್ನೆ ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಇದು ಸಿಆರ್‌ಎಸ್ ವ್ಯವಸ್ಥೆಯ ಮಾತು, ಅಂದರೆ ಬೇರೆ ದೇಶದ ನಿವಾಸಿಗಳ ಖಾತೆ ವಿವರವನ್ನು ದೇಶಗಳು ಪರಸ್ಪರ ಹಂಚಿಕೊಳ್ಳುವ ಏರ್ಪಾಡು. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 2014ರಲ್ಲಿ ರೂಪಿಸಿದ್ದು, ಭಾರತ 2017ರಿಂದ ಮಾಹಿತಿ ಹಂಚಿಕೊಳ್ಳುತ್ತಿದೆ. ಇದು ಹೊಸ ತೆರಿಗೆಯಲ್ಲ. ಖಾತೆದಾರರು ತೆರಿಗೆ ಲೆಕ್ಕಕ್ಕೆ ಯಾವ ದೇಶದ ನಿವಾಸಿ ಅನ್ನುವುದೇ ಇಲ್ಲಿ ಮುಖ್ಯ. ಮಗ ಎಲ್ಲಿದ್ದಾನೆ ಅನ್ನುವುದಲ್ಲ. ನೀವು ಭಾರತದ ನಿವಾಸಿ ಮಾತ್ರ ಆಗಿದ್ದರೆ ನಿಮ್ಮ ಇಲ್ಲಿನ ಖಾತೆಯ ವಿವರ ಹೊರಗೆ ಹೋಗುವುದಿಲ್ಲ. ಮಕ್ಕಳು ಅಪ್ಪ-ಅಮ್ಮನಿಗೆ ಉಡುಗೊರೆಯಾಗಿ ಕೊಟ್ಟ ಹಣಕ್ಕೆ ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ತೆರಿಗೆ ಲೆಕ್ಕಕ್ಕೆ ಯಾವ ದೇಶದ ನಿವಾಸಿ ಎಂದು ತಿಳಿಸಲು ಬ್ಯಾಂಕ್ ಕೇಳುವ ಸ್ವಯಂ ಘೋಷಣೆಯ ಫಾರ್ಮ್ ಅನ್ನು ನೀವೇ ತುಂಬಬಹುದು.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.